ಹೊಲಿದ ಜೇಬು

ಕೆಡದ ಯಂತ್ರವನ್ನು ಕದಿರಪ್ಪ ಎಂದೂ ನಂಬಿದವನಲ್ಲ. ಕೆಟ್ಟ ಯಂತ್ರವೇ ವಾಸಿ, ಅದರ ಜಾತಕವಾದರೂ ಕೈಗೆ ಸಿಕ್ಕಿರುತ್ತದೆ ಎನ್ನುವ ಜಾಯಮಾನ ಅವನದು. ಹಾಗನ್ನಲು ಅವನಿಗೆ ಹಕ್ಕೂ ಇತ್ತು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಫಿಟ್ಟರು. ಬಿಸಿಲಲ್ಲಿ ನಿಂತು ಸ್ಪ್ಯಾನರ್ ತಿರುಗಿಸುವ ಫಿಟ್ಟರಲ್ಲ; ಕೇಜು ಎಂಬ ಕಬ್ಬಿಣದ ಪಂಜರದಲ್ಲಿ ಇಳಿದು, ಇನ್ನೊಂದು ಕೇಜು ಹತ್ತಿ ಮತ್ತೆ ಇಳಿದು, ಬಂಡೆಯೇ ಬೆವರುವ ಆಳದಲ್ಲಿ ಪಂಪು, ಕಂಪ್ರೆಸರ್‌ಗಳ ಹೊಟ್ಟೆಯೊಳಗೆ ಕೈ ಹಾಕುವವನು. ಅಲ್ಲಿ ಪಂಪು ನಿಂತರೆ ನೀರು ಮೊಣಕಾಲಿಗೆ ಏರುವುದರೊಳಗೆ ಎಬ್ಬಿಸಬೇಕು. ತಲೆಯ ಮೇಲಿನ ದೀಪ ಆರಿದರೆ ಕತ್ತಲಲ್ಲೇ ಎಬ್ಬಿಸಬೇಕು. ಹೀಗಾಗಿ ಯಾವುದು ಯಾವಾಗ ಕೈಕೊಡುತ್ತದೆಂದು ಮೊದಲೇ ಊಹಿಸಿ, ಅದರ ಬದಲಿಯನ್ನು ಪಕ್ಕದಲ್ಲಿಟ್ಟುಕೊಂಡೇ ಅವನು ಕೆಲಸಕ್ಕೆ ಕೂರುತ್ತಿದ್ದದ್ದು.

ಅರವತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಬಂಗಾರಪೇಟೆಯ ಕೋದಂಡಪ್ಪ ಅವನನ್ನು ಹುಡುಕಿಕೊಂಡು ಗಣಿಯಾಳುಗಳ ಲೈನುಮನೆಗೆ ಬಂದದ್ದು ಈ ಗುಣಕ್ಕಾಗಿಯೇ. ಕೋದಂಡಪ್ಪನದು ರೈಲ್ವೆ ಸ್ಟೇಷನ್ನಿನ ಹಿಂದೆ ಮೋಟಾರು ರಿಪೇರಿಯ ಶೆಡ್ಡು. ಶೆಡ್ಡು ಸಣ್ಣದು, ಬಾಯಿ ದೊಡ್ಡದು.

"ಕದಿರಪ್ಪಾ, ಊರು ಬಿಟ್ಟೋದ ಇಂಗ್ಲಿಷ್ ಇಂಜಿನಿಯರು ಮಾರಿದ ಕರೀ ಕಾರು ನನ್ನತ್ರ ಐತಲ್ಲ, ಅದಕ್ಕೆ ಟರ್ಬೊ ಕೂರ್ಸಿದೀನಿ. ಮದ್ರಾಸಿನ ಗುಜರೀಲಿ ಸಿಕ್ತು."

ಟರ್ಬೊ ಎಂದರೆ ಏನೆಂದು ಅವನು ಜಗಲಿಯ ಮೇಲೆ ಬೆರಳಲ್ಲಿ ಬರೆದು ತೋರಿಸಿದ. ಇಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗುವುದು; ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವುದು. ಕಮ್ಮಾರನ ತಿದಿ ಇದ್ದ ಹಾಗೆ, ಒತ್ತುವ ಆಳು ಬೇಕಿಲ್ಲ ಅಷ್ಟೇ.

ಮಾರ್ಚಿಯಲ್ಲಿ ಉರಿಗಾಂ ಆಚೆಯ ಹಿಂದೆ ವಿಮಾನ ಇಳಿಯುತ್ತಿದ್ದ ಬಯಲಲ್ಲಿ ಹನ್ನೆರಡು ತಾಸಿನ ಕಾರು ಓಟವಿತ್ತು. ಬೆಳಗ್ಗೆ ಆರಕ್ಕೆ ಬಿಟ್ಟರೆ ಸಂಜೆ ಆರರವರೆಗೆ ಸುತ್ತುತ್ತಲೇ ಇರಬೇಕು. ಗೆಲ್ಲುವ ಆಸೆ ಕೋದಂಡಪ್ಪನಿಗೆ ಇರಲಿಲ್ಲ. ಮದ್ರಾಸಿನ ಒಂದು ಲಾರಿ ಕಂಪನಿಯವರಿಗೆ ತಮ್ಮ ಲಾರಿಗಳು ಘಾಟಿ ಹತ್ತಲು ಇಂಥ ಟರ್ಬೊ ಬೇಕಿತ್ತು. ನಮ್ಮ ಊರಿನ ಕೈ ಕೂರಿಸಿದ ಟರ್ಬೊ ಹನ್ನೆರಡು ತಾಸು ತಡೆಯುತ್ತದೆಯೇ ಎಂದು ನೋಡಲು ಅವರ ಮನುಷ್ಯನೊಬ್ಬ ಬರುವವನಿದ್ದ. ಆರು ಗಂಟೆಗೆ ಕಾರು ತನ್ನ ಶಕ್ತಿಯಿಂದ ತಾನು ಗೆರೆ ದಾಟಿದರೆ ಕಂಪನಿಯ ಲಾರಿಗಳ ಕೆಲಸವೆಲ್ಲ ಬಂಗಾರಪೇಟೆಗೆ.

"ಆಗ ನನಗೊಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿ ನೀನೇ. ಕಾರು ನಿಂತೋದ್ರೆ ಮಾತ್ರ ನನ್ನ ಶೆಡ್ಡು ನನಗೊಬ್ಬನಿಗೇ ಸಾಲ್ದು, ಮೊದ್ಲೇ ಏಳ್ಬಿಡ್ತೀನಿ," ಎಂದ ಕೋದಂಡಪ್ಪ.

ಬಾಗಿಲ ಹಿಂದೆ ರಾಗಿ ಕೇರುತ್ತಿದ್ದ ಅಶ್ವತ್ಥಮ್ಮ ಮೊರವನ್ನು ಕೆಳಗಿಟ್ಟಳು. ಹಿಂದಿನ ದೀಪಾವಳಿಯಲ್ಲಿ ಆಸ್ಪತ್ರೆಯ ಡಾಕ್ಟರು ಕದಿರಪ್ಪನ ಎದೆಯ ಫೋಟೋ ಬೆಳಕಿಗೆ ಹಿಡಿದು, "ಈಗಿನ್ನೂ ಧೂಳು ಕೂರಕ್ಕೆ ಶುರುವಾಗಿದೆ ಅಷ್ಟೇ. ಆದಷ್ಟು ಬೇಗ ಮೇಲಿನ ಕೆಲಸ ನೋಡ್ಕೊಳ್ಳಿ" ಎಂದಿದ್ದರು. ಮೇಲಿನ ಕೆಲಸ ಬಾಳೆಗೊನೆಯ ಹಾಗೆ ತೂಗಾಡುತ್ತಿರುತ್ತದೆಯೇ, ಕುಯ್ದುಕೊಳ್ಳಲು? ಕದಿರಪ್ಪ ಮೂರು ಸಲ ಅರ್ಜಿ ಕೊಟ್ಟ, ಮೂರು ಸಲವೂ ಖಾಲಿ ಇಲ್ಲ ಎಂದರು. ಅವನ ಅಪ್ಪನೂ ಇದೇ ಗಣಿಯವನು. ಕೊನೆಯ ವರ್ಷ ಮಲಗಲಾರದೆ, ಗೋಡೆಗೆ ಒರಗಿ ಕೂತೇ ಕೆಮ್ಮಿ ಕೆಮ್ಮಿ ಸತ್ತ. ಆ ಗೋಡೆ ಈಗಲೂ ಅದೇ ಮನೆಯಲ್ಲಿದೆ. ಅಶ್ವತ್ಥಮ್ಮ ಪ್ರತಿ ಯುಗಾದಿಗೂ ಸುಣ್ಣ ಬಳಿಯುತ್ತಾಳೆ, ತಲೆ ತಾಗಿದ ಎಣ್ಣೆಗಲೆ ಪ್ರತಿ ವರ್ಷವೂ ಮೇಲೆ ಬರುತ್ತದೆ.

"ಓಗು," ಎಂದಳು ಗಂಡನಿಗೆ. "ಯೋಚ್ನೆ ಮಾಡ್ಬೇಡ. ಓಗು."

ಅಂದಿನಿಂದ ಕದಿರಪ್ಪನ ಮಧ್ಯಾಹ್ನಗಳೆಲ್ಲ ಬಂಗಾರಪೇಟೆಯಲ್ಲೇ ಕಳೆದವು. ಬೆಳಗಿನ ಪಾಳಿ ಮುಗಿಸಿ, ರೈಲು ಹತ್ತಿ ಹೋಗುವನು. ಮೊದಲ ವಾರ ಅವನು ಕಾರನ್ನು ಮುಟ್ಟಲೇ ಇಲ್ಲ. ಶೆಡ್ಡಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯುತ್ತ ನಿಂತ. ಫ್ಯಾನಿನ ಬೆಲ್ಟು ಎಷ್ಟು ತಾಸಿಗೆ ಸಾಯಬಹುದು, ನೀರಿನ ಕೊಳವೆ ಎಲ್ಲಿ ಬಿರಿಯಬಹುದು, ಪೆಟ್ರೋಲಿನ ಪಂಪು ಬಿಸಿಗೆ ಎಷ್ಟು ಹೊತ್ತು ತಡೆದೀತು, ತಡೆಯದಿದ್ದರೆ ಏನು. ಕಾರಿಗೆ ಇನ್ನೂ ಹೂವಿನ ಹಾರ ಹಾಕುವ ಮೊದಲೇ ಅದರ ಸಾವುಗಳನ್ನೆಲ್ಲ ಹೀಗೆ ಸಾಲಾಗಿ ಬರೆಯುವುದು ಕೋದಂಡಪ್ಪನಿಗೆ ಅಪಶಕುನವಾಗಿ ಕಂಡಿತು.

"ಒಳ್ಳೇದು ಬರೀಲಾ ಒಸಿ," ಎಂದ.

"ಒಳ್ಳೇದಕ್ಕೆ ಸ್ಪ್ಯಾನರ್ ಬೇಕಾಗಲ್ಲ," ಎಂದ ಕದಿರಪ್ಪ.

ಓಡಿಸುವವನು ಆರುಮುಗಂ. ರಾಬರ್ಟ್‌ಸನ್‌ಪೇಟೆಯ ಬಸ್ ಡ್ರೈವರು, ಮೀಸೆಯನ್ನು ದಿನಕ್ಕೆ ನಾಲ್ಕು ಸಲ ತೀಡುವವನು, ಡ್ರೈವರಾದವನು ಓಡಿಸಬೇಕೇ ಹೊರತು ಕೈ ಮಸಿ ಮಾಡಿಕೊಳ್ಳಬಾರದು ಎಂದು ನಂಬಿದವನು. ಓಟದ ಕಟ್ಟಳೆಯ ಪ್ರಕಾರ ಒಂದು ಕಾರಿಗೆ ಒಬ್ಬ ಡ್ರೈವರು, ಒಬ್ಬ ಫಿಟ್ಟರು ಮಾತ್ರ. ಕಾರು ದೂರದಲ್ಲಿ ನಿಂತರೆ ಫಿಟ್ಟರು ಓಡಿಹೋಗುವಂತಿಲ್ಲ, ಡ್ರೈವರೇ ಸರಿಮಾಡಿಕೊಳ್ಳಬೇಕು. ಹಾಗಾಗಿ ಕದಿರಪ್ಪ ಅವನ ಕಣ್ಣಿಗೆ ಅಶ್ವತ್ಥಮ್ಮನ ಹಳೇ ಸೀರೆಯ ತುಂಡು ಕಟ್ಟಿ, ಮುಂದೆ ಹಲಗೆಯ ಮೇಲೆ ಸ್ಪ್ಯಾನರ್‌ಗಳನ್ನು ಸಾಲಾಗಿ ಇಟ್ಟು, ಬೆಲ್ಟು ಬದಲಿಸು, ಕೊಳವೆ ಬದಲಿಸು ಎಂದು ಕೂರಿಸುತ್ತಿದ್ದ. ಗಣಿಯ ತಳದಲ್ಲಿ ಹೊಸ ಫಿಟ್ಟರಿಗೆ ಕಲಿಸುವ ಪಾಠ ಇದೇ. ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ.

"ಅಣ್ಣಾ, ಹಗಲು ಹೊತ್ನಲ್ಲಿ ಓಡೋ ರೇಸಿಗೆ ಕಣ್ಣು ಯಾಕಣ್ಣಾ ಕಟ್ತೀಯ?" ಎಂದು ಆರುಮುಗಂ ಗೋಳಾಡಿದ.

"ಹೊಗೆ ಬಂದಾಗ ಹಗಲೂ ಒಂದೇ, ರಾತ್ರೀನೂ ಒಂದೇ. ಸುಮ್ನೆ ತಿರುಗ್ಸು ಕಣ್ಲಾ."

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವ ಜನ ಅವರಲ್ಲ ಎಂದು ಹೇಳಲು ಇಷ್ಟೆಲ್ಲ ಹೇಳಿದೆ. ಗೋಡೆಯ ಮೇಲಿನ ಪ್ರತಿ ಸಾವಿಗೂ ಒಂದು ಮದ್ದು ಸಿದ್ಧವಾಯಿತು. ಒಂದಕ್ಕೆ ಮಾತ್ರ ಕಷ್ಟವಾಯಿತು.

ಟರ್ಬೊದ ಕಡ್ಡಿಗೆ ಇಂಜಿನ್ನಿನ ಎಣ್ಣೆ ಹೋಗುತ್ತಿರಬೇಕು, ಇಲ್ಲದಿದ್ದರೆ ಅದು ತಿರುಗುವ ಬಿರುಸಿಗೆ ನಿಮಿಷಗಳಲ್ಲೇ ಸುಟ್ಟು ಕಚ್ಚಿಕೊಳ್ಳುತ್ತದೆ. ಆ ಎಣ್ಣೆಯ ಕೊಳವೆಯನ್ನು ಹಿಡಿದಿದ್ದದ್ದು ಕಿರುಬೆರಳುದ್ದದ ಒಂದು ತೂತಿನ ಬೋಲ್ಟು. ಎಣ್ಣೆ ಅದರ ಹೊಟ್ಟೆಯೊಳಗಿಂದಲೇ ಹಾಯಬೇಕು. ಹೊಟ್ಟೆ ಪೊಳ್ಳು, ಪಕ್ಕದಲ್ಲಿ ಕೆಂಡದಂಥ ಬಿಸಿ, ಮೇಲೆ ಕುಲುಕಾಟ. ಕೋಲಾರದ ರಸ್ತೆಯಲ್ಲಿ ಓಡಿಸಿ ನೋಡಿದಾಗ ಒಂದು ಬೋಲ್ಟು ಒಂಬತ್ತನೇ ತಾಸಿಗೆ ಸೀಳಿತು. ಎರಡನೆಯದು ಹತ್ತಕ್ಕೆ.

"ಗಣೀಲಿ ಬಂಡೆ ಕೊರೆಯೋ ಉಕ್ಕು ಐತಲ್ಲ, ಅಂತಾದ್ದೊಂದು ಮುರುಕು ತುಂಡು ಸಿಕ್ಕಿದ್ರೆ ಸಾಕು," ಎಂದ ಕೋದಂಡಪ್ಪ, ಕಣ್ಣು ಬೇರೆ ಕಡೆ ಇಟ್ಟುಕೊಂಡು. "ಗೇಣುದ್ದ. ಸೊಂಟದಾಗೆ ಸಿಗಿಸ್ಕೊಂಡ್ರೆ ಯಾರಿಗೆ ಕಾಣ್ತದೆ?"

ಬಂಗಾರ ತೆಗೆಯುವ ಊರಿನಲ್ಲಿ ಪಾಳಿ ಬಿಟ್ಟವರನ್ನು ಬಾಗಿಲಲ್ಲಿ ತಡಕದೆ ಬಿಡುವುದಿಲ್ಲ. ಸಾಲಲ್ಲಿ ಬರಬೇಕು, ಮೇಜಿನ ಮೇಲಿನ ತಟ್ಟೆಗೆ ಜೇಬು ಬರಿದು ಮಾಡಬೇಕು, ಎರಡೂ ಕೈ ಮೇಲೆತ್ತಬೇಕು. ವಾಚ್‌ಮನ್ನು ಕಂಕುಳಿಂದ ಕಾಲಿನವರೆಗೆ ಸವರಿ 'ಹೋಗು' ಎಂದರೆ ಹೋಗಬೇಕು. ಬೀಡಿ, ಬೆಂಕಿಪೊಟ್ಟಣವನ್ನು ವಾಚ್‌ಮನ್ನೇ ಕೈಗೆ ಕೊಡುತ್ತಾನೆ. ಲೋಹದ ಚೂರು, ಫಿಟ್ಟರುಗಳ ಜೇಬಿನಲ್ಲಿ ಉಳಿದ ನಟ್ಟೋ ಬೋಲ್ಟೋ ಇದ್ದರೆ ಅದು ತಟ್ಟೆಯಲ್ಲೇ ಉಳಿಯಬೇಕು, ಅಲ್ಲಿಂದ ಉಗ್ರಾಣಕ್ಕೆ ಹೋಗಬೇಕು. ಹುಂಡಿಗೆ ಹಾಕಿದ ಕಾಸನ್ನು ಯಾರಾದರೂ ತಿರುಗಿ ನೋಡುತ್ತಾರೆಯೇ? ಇಪ್ಪತ್ತೆರಡು ವರ್ಷದಲ್ಲಿ ಕದಿರಪ್ಪ ಒಂದು ಗುಂಡುಸೂಜಿಯನ್ನೂ ಆ ಬಾಗಿಲು ದಾಟಿಸಿರಲಿಲ್ಲ. ಹಾಗೆ ದಾಟಿಸುವುದು ಪಾಪವೆಂದಲ್ಲ. ಅದು ಅವನ ಮೈಗೆ ಬರುತ್ತಿರಲಿಲ್ಲ.

ಕೊನೆಗೆ ಗುಜರಿಯಲ್ಲಿ ಸಿಕ್ಕ ಮುರಿದ ಲಾರಿ ಆಕ್ಸಲಿನ ತುಂಡಿನಿಂದ ಎರಡು ಬೋಲ್ಟು ತಯಾರಾದವು. ಇಂಗ್ಲಿಷ್ ಕಾರಿನ ಬೋಲ್ಟಿನ ಮರೆ, ಅಂದರೆ ತಿರುಪಿನ ಸುತ್ತು, ಬೇರೆ ಅಳತೆಯದು. ಲೇತಿನ ಮುಂದೆ ನಿಂತು ಒಂದೊಂದಕ್ಕೂ ಮೂರು ದಿನ ಹಿಡಿಯಿತು. ಒಂದನ್ನು ಕಾರಿಗೆ ಹಾಕಿದ. ಇನ್ನೊಂದು, ಎಂಟನೇ ತಾಸಿಗೆ ಕಾರು ಪೆಟ್ರೋಲಿಗೆ ನಿಂತಾಗ ಹಾಕಲು. ಮೊದಲನೆಯದು ಸೀಳುವ ತನಕ ಕಾಯುವ ಮಾತೇ ಇಲ್ಲ, ಅದು ಗಟ್ಟಿಯಾಗಿದ್ದಾಗಲೇ ಬಿಚ್ಚಿ ಬಿಸಾಕಿ ಹೊಸದನ್ನು ಹಾಕಿದರೆ ಉಳಿದ ನಾಲ್ಕು ತಾಸು ನೆಮ್ಮದಿ. ಯಾರು ಹುಡುಕಿದರೂ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ.

ಓಟದ ಹಿಂದಿನ ದಿನ ಓಟ ನಡೆಸುವ ಸಂಘದ ಕಡೆಯವರು, ಬೆಂಗಳೂರಿನ ಬಿಳಿ ಟೋಪಿಯವರೊಬ್ಬರು, ಶೆಡ್ಡಿಗೆ ಬಂದು ಸಾಮಾನೆಲ್ಲ ಪಟ್ಟಿ ಮಾಡಿಕೊಂಡರು. ಓಟದ ನಡುವೆ ಕಾರು ನಿಲ್ಲಿಸಿ ಸರಿಮಾಡಲು ಹಗ್ಗ ಕಟ್ಟಿದ ಅಂಗಳದೊಳಗೆ ಪಟ್ಟಿಯ ಸಾಮಾನು ಮಾತ್ರ. ಓಟ ಶುರುವಾದ ಮೇಲೆ ಹಗ್ಗದ ಹೊರಗಿನಿಂದ ಒಂದು ಮೊಳೆಯೂ ಒಳಗೆ ಬರುವಂತಿಲ್ಲ. ಹೊರಗೆ ಹೋದ ಫಿಟ್ಟರು ಮತ್ತೆ ಒಳಗೆ ಬರುವಂತಿಲ್ಲ. 'ತೂತಿನ ಬೋಲ್ಟು, ಒಂದು' ಎಂದೂ ಬರೆದುಕೊಂಡರು. ಎಲ್ಲ ಸಾಮಾನನ್ನೂ ಪೆಟ್ಟಿಗೆಗೆ ಹಾಕಿದರು. ಬೋಲ್ಟನ್ನು ಮಾತ್ರ ಕದಿರಪ್ಪ ಮನೆಗೆ ತಂದ. ಪೆಟ್ಟಿಗೆಯ ಕುಲುಕಾಟಕ್ಕೆ ಮರೆ ಕೆಟ್ಟೀತು ಎಂಬ ಭಯ.

ಬೆಳಗಿನ ಜಾವ ಅಶ್ವತ್ಥಮ್ಮ ಬೋಲ್ಟನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಅವನ ಖಾಕಿ ಅಂಗಿಯ ಎದೆಜೇಬಿಗೆ ಹಾಕಿ, ಜೇಬಿನ ಬಾಯನ್ನು ಕರಿದಾರದಲ್ಲಿ ಹೊಲಿದಳು.

"ಬಗ್ಗಿದ್ರೂ ಬೀಳಲ್ಲ, ಬಿದ್ರೂ ಬೀಳಲ್ಲ," ಎಂದು ದಾರವನ್ನು ಹಲ್ಲಲ್ಲಿ ಕಡಿದಳು. "ಮುದ್ದೆ ಕಟ್ಕೊಂಡು ಆಮೇಲೆ ಬತ್ತೀನಿ. ದಿಬ್ಬದ ಮೇಲೆ ನಿಂತು ನೋಡ್ತಿರ್ತೀನಿ."

ಇನ್ನು ಆ ಗಳಿಗೆ. ಕದಿರಪ್ಪ ಆಮೇಲೆ ಸಾವಿರ ಸಲ ನೆನೆದ ಗಳಿಗೆ. ಆಗ ಮಾತ್ರ ಅವನಿಗೆ ಅದು ತಿಳಿಯಲೇ ಇಲ್ಲ.

ಕಾರು ಮತ್ತು ಪೆಟ್ಟಿಗೆ ಆಗಲೇ ಆಚೆ ದಾರಿಯಿಂದ ಒಳಗೆ ಹೋಗಿದ್ದವು. ಕದಿರಪ್ಪ ಲೈನಿನಿಂದ ನಡೆದೇ ಬಂದ. ಸೂರ್ಯ ಹುಟ್ಟಿರಲಿಲ್ಲ. ಬಯಲಿನ ಬಾಗಿಲಲ್ಲಿ ಕೆಲಸದವರ ಸಾಲು. ಮುಂದೆ ಒಂದು ಮೇಜು, ಮೇಜಿನ ಮೇಲೆ ಚೀಟಿ ಹಾಕಲು ಒಂದು ತಗಡಿನ ತಟ್ಟೆ, ಮೇಜಿನ ಹಿಂದೆ ಖಾಕಿ ತೊಟ್ಟ ಮುನಿಸ್ವಾಮಪ್ಪ. ಅವನು ಗಣಿಯಲ್ಲಿ ಮೂವತ್ತು ವರ್ಷ ವಾಚ್‌ಮನ್ನಾಗಿದ್ದು ನಿವೃತ್ತನಾದವನು; ಓಟದವರು ಒಂದು ದಿನದ ಕಾವಲಿಗೆ ಅವನನ್ನೇ ಕರೆದಿದ್ದರು. ಕದಿರಪ್ಪನ ಮನಸ್ಸೆಲ್ಲ ಒಳಗೆ ಆರುಮುಗಂ ಶುರು ಮಾಡಿದ್ದ ಇಂಜಿನ್ನಿನ ಸದ್ದಿನ ಮೇಲಿತ್ತು. ಸಾಲು ಸರಿಯಿತು. ಅವನ ಸರದಿ ಬಂತು. ಅವನು ಚೀಟಿ ಹಾಕಿದ, ಬೀಡಿಕಟ್ಟು ಹಾಕಿದ, ಬೆಂಕಿಪೊಟ್ಟಣ ಹಾಕಿದ. ಎದೆಜೇಬಿಗೆ ಕೈ ಹೋಯಿತು, ಬಾಯಿ ಹೊಲಿದಿತ್ತು. ಉಗುರಿನಿಂದ ದಾರ ಕಿತ್ತ, ಎಣ್ಣೆಬಟ್ಟೆಯ ಗಂಟನ್ನು ತೆಗೆದು ತಟ್ಟೆಗೆ ಹಾಕಿದ, ಎರಡೂ ಕೈ ಮೇಲೆತ್ತಿ ನಿಂತ.

ಮುನಿಸ್ವಾಮಪ್ಪನಾದರೂ ಯಾಕೆಂದು ಕೇಳಬೇಡವೇ? ಅವನೂ ಕಂಕುಳಿಂದ ಕಾಲಿನವರೆಗೆ ಸವರಿದ. ಬೀಡಿ, ಬೆಂಕಿಪೊಟ್ಟಣ ವಾಪಸು ಕೊಟ್ಟ. ಗಂಟನ್ನು ಮುಟ್ಟಿ ನೋಡಿ, ಲೋಹವೆಂದು ತಿಳಿದು, ಮೇಜಿನ ಕೆಳಗಿನ ಡಬ್ಬಿಗೆ ಹಾಕಿದ.

"ಹೋಗು," ಎಂದ.

ಕದಿರಪ್ಪ ಹೋದ.

ಹದಿನಾಲ್ಕು ಕಾರುಗಳು. ಆರಕ್ಕೆ ಬಾವುಟ ಬಿತ್ತು. ಮೊದಲ ನಾಲ್ಕು ತಾಸಿನಲ್ಲೇ ಐದು ಕಾರು ಮಲಗಿದವು, ಹೆಚ್ಚಿನವು ಬೆಂಗಳೂರಿನ ಮಿರಮಿರ ಮಿಂಚುವ ಕಾರುಗಳು. ಒಂದರ ಬೆಲ್ಟು ಹೋಗಿತ್ತು, ಬದಲಿ ಇರಲಿಲ್ಲ. ಕರೀ ಕಾರಿನ ಬೆಲ್ಟೂ ಏಳನೇ ತಾಸಿಗೆ ಹರಿಯಿತು, ಬಯಲಿನ ಆಚೆ ತುದಿಯಲ್ಲಿ. ಆರುಮುಗಂ ಇಳಿದ, ಮುಚ್ಚಳ ಎತ್ತಿದ, ಆರು ನಿಮಿಷದಲ್ಲಿ ಮತ್ತೆ ಹೊರಟ. ಅಂಗಳದ ಮುಂದೆ ಹಾದುಹೋಗುವಾಗ ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು ತೋರಿಸಿ ನಕ್ಕ. ಕುರ್ಚಿಯಲ್ಲಿ ಕೂತಿದ್ದ ಮದ್ರಾಸಿನ ಮನುಷ್ಯ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕೋದಂಡಪ್ಪನಿಗೆ ಏನೋ ಹೇಳಿ ತಲೆದೂಗಿದ. ಕದಿರಪ್ಪ ಅದನ್ನು ನೋಡಿದ. ದಿಬ್ಬದ ಮೇಲೆ ಅಶ್ವತ್ಥಮ್ಮ ಸೆರಗು ತಲೆಗೆ ಹೊದ್ದು ನಿಂತಿದ್ದಳು. ಬಿಸಿಲಲ್ಲಿ ನಿಂತು ಮಾಡುವ ಕೆಲಸ ಹೀಗಿರುತ್ತದೆ ಎಂದುಕೊಂಡ ಕದಿರಪ್ಪ. ಬೆನ್ನು ಸುಡುತ್ತಿತ್ತು, ಅವನಿಗೆ ಹಿತವಾಗಿತ್ತು.

ಎರಡು ಗಂಟೆಗೆ ಕಾರು ಪೆಟ್ರೋಲಿಗೆ ಬಂತು. ಆರುಮುಗಂ ಪೆಟ್ರೋಲು ಹೊಯ್ಯತೊಡಗಿದ. ಕದಿರಪ್ಪ ಒದ್ದೆ ಗೋಣಿಯನ್ನು ಕೈಗೆ ಸುತ್ತಿಕೊಂಡು ತೂತಿನ ಬೋಲ್ಟು ಬಿಚ್ಚಿದ, ಒರೆಸಿ ನೋಡಿದ. ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ಬಿರುಕು. ಅವನ ಊಹೆ ಸರಿಯಾಗಿತ್ತು, ಒಳಗೊಳಗೇ ಹೆಮ್ಮೆಪಟ್ಟ. ಬಲಗೈ ಎದೆಜೇಬಿಗೆ ಹೋಯಿತು.

ಜೇಬು ಚಪ್ಪಟೆಯಾಗಿತ್ತು. ಬಾಯಲ್ಲಿ ಎರಡು ಕರೀ ದಾರದ ತುದಿಗಳು.

ಅವನು ಎಡಜೇಬು ನೋಡಿದ, ಚಡ್ಡಿಯ ಜೇಬು ನೋಡಿದ, ಮತ್ತೆ ಎದೆಜೇಬನ್ನೇ ನೋಡಿದ. ಆಮೇಲೆ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಮೇಜು ಕಂಡಿತು. ತಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಐವತ್ತು ಮಾರು ದೂರ. ಬೆಳಗಿನದೆಲ್ಲ ಆಗ ಒಂದೇ ಸಲಕ್ಕೆ ನೆನಪಾಯಿತು. ಯಾರೋ ಬೇರೆಯವನು ಮಾಡಿದ್ದನ್ನು ತಾನು ನಿಂತು ನೋಡಿದ ಹಾಗಿತ್ತು.

"ಮುನಿಸ್ವಾಮಣ್ಣಾ!" ಎಂದು ಕೂಗಿದ. "ಬೆಳಗ್ಗೆ ನನ್ನ ಗಂಟು!"

ಮುನಿಸ್ವಾಮಪ್ಪ ಡಬ್ಬಿಗೆ ಕೈ ಹಾಕಿದ, ಗಂಟು ಸಿಕ್ಕಿತು, ಹಿಡಿದುಕೊಂಡು ಓಡೋಡಿ ಬಂದ. ಅರವತ್ತು ದಾಟಿದ ಮುದುಕ, ಏದುಸಿರು ಬಿಡುತ್ತ ಹಗ್ಗದ ಆಚೆ ನಿಂತು ಕೈ ಚಾಚಿದ. ಎಣ್ಣೆಬಟ್ಟೆ ಬಿಚ್ಚಿಕೊಂಡಿತ್ತು. ಹೊಚ್ಚ ಹೊಸ ಬೋಲ್ಟು. ಹಗ್ಗಕ್ಕೂ ಕದಿರಪ್ಪನಿಗೂ ನಡುವೆ ಎರಡು ಹೆಜ್ಜೆ.

"ತಗೋಳ್ಲಾ, ಇದೇ ಅಲ್ವಾ?"

ಬಿಳಿ ಟೋಪಿಯವರು ಆರೇಳು ಅಡಿ ದೂರದಲ್ಲಿದ್ದರು. ಹೂಜಿಯಿಂದ ನೀರು ಬಗ್ಗಿಸಿಕೊಳ್ಳುತ್ತ, ಬೆನ್ನು ಹಾಕಿ ನಿಂತಿದ್ದರು. ಆರುಮುಗಂ ಪೆಟ್ರೋಲು ಡಬ್ಬಿಯನ್ನು ಇಟ್ಟು ಪಿಸುಗುಟ್ಟಿದ. "ವಾಂಗಿಕ್ಕೋ ಅಣ್ಣಾ, ವಾಂಗಿಕ್ಕೋ. ತಗೊಂಬಿಡು. ಯಾರೂ ನೋಡ್ತಿಲ್ಲ."

ತಮ್ಮದೇ ಬೋಲ್ಟು. ಪಟ್ಟಿಯಲ್ಲಿ ಬರೆದ ಬೋಲ್ಟು. ತನ್ನ ಕೈಯಾರೆ ಮೂರು ದಿನ ಕೊರೆದ ಬೋಲ್ಟು. ಕದಿರಪ್ಪನಿಗೆ ಇದೆಲ್ಲ ಗೊತ್ತಿತ್ತು. ಆದರೆ ಆಚೆ ಖಾಕಿ, ಈಚೆ ತಾನು, ನಡುವೆ ಹಗ್ಗ. ಲೋಹ ದಾಟಬೇಕಾದದ್ದು ಆ ಗೆರೆಯನ್ನು. ಕೈ ಮುಂದೆ ಬರಲೊಲ್ಲದು. ಎತ್ತು ಎಂದು ಕೈಗೆ ಹೇಳಿದ, ಎತ್ತಲಿಲ್ಲ. ಬಾಯಿ ಮಾತ್ರ ತನ್ನಷ್ಟಕ್ಕೆ ತೆರೆಯಿತು.

"ಸಾಮೀ," ಎಂದ ಗಟ್ಟಿಯಾಗಿ. "ಇದು ನಮ್ದೇ. ಬೆಳಗ್ಗೆ ಬಾಗಿಲಾಗೆ ಬಿಟ್ಟಿದ್ದೆ. ತಗೋಬೋದಾ?"

ಆರುಮುಗಂ ಹಣೆ ಹಣೆ ಚಚ್ಚಿಕೊಂಡ. ಬಿಳಿ ಟೋಪಿಯವರು ನೀರಿನ ಲೋಟ ಹಿಡಿದೇ ತಿರುಗಿದರು. ಬೋಲ್ಟನ್ನು ನೋಡಿದರು, ಹಗ್ಗವನ್ನು ನೋಡಿದರು, ಕದಿರಪ್ಪನ ಮುಖವನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಪಕ್ಕದ ಅಂಗಳದ ಎರಡು ತಂಡದವರೂ ಕತ್ತೆತ್ತಿ ನೋಡುತ್ತಿದ್ದರು.

"ನೀವು ನನ್ನನ್ನು ಯಾಕೆ ಕೇಳಿದಿರಿ?" ಎಂದರು ಮೆಲ್ಲಗೆ. "ನಾನು ಬೆನ್ನು ಹಾಕಿ ನಿಂತಿದ್ದೆನಲ್ಲ."

"ನಮ್ದೇ ಸಾಮೀ. ಪಟ್ಟೀಲಿ ಐತೆ."

"ಪಟ್ಟಿಯಲ್ಲಿದೆ. ಹಗ್ಗದ ಒಳಗಿಲ್ಲ. ಕೇಳಿದ ಮೇಲೆ ನಾನು ಇಲ್ಲ ಎನ್ನಲೇಬೇಕು." ಅವರು ಲೋಟವನ್ನು ಮೇಜಿನ ಮೇಲಿಟ್ಟರು. ನೀರು ಕುಡಿಯಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಬಾಯಿಯವರೆಗೆ ಬಂದಿತ್ತು. ತೆರೆದ ಬಾಯಿ ತಿನ್ನಲೇ ಎಂದು ಅಪ್ಪಣೆ ಕೇಳಿತು. ಬೈಯಬೇಕೆನಿಸುತ್ತದೆ ಅವನನ್ನು. ಆದರೆ ಬೈದು ಏನು ಮಾಡೋಣ, ಇಪ್ಪತ್ತೆರಡು ವರ್ಷ ದಿನಕ್ಕೊಂದು ಸಲ ಕೈ ಎತ್ತಿಸಿದವರನ್ನು ಬಿಟ್ಟು?

ಬೇರೆ ದಾರಿ ಇರಲಿಲ್ಲ. ಬಿರುಕು ಬಿಟ್ಟ ಹಳೇ ಬೋಲ್ಟಿಗೆ ಬಟ್ಟೆ ದಾರ ಸುತ್ತಿ, ಸಾಬೂನು ಮೆತ್ತಿ, ಅದನ್ನೇ ಮತ್ತೆ ಬಿಗಿದ. ಆರುಮುಗಂ ಬಾಗಿಲು ಹಾಕಿಕೊಳ್ಳುವಾಗ, "ಮೆಲ್ಲಗೆ ಓಡ್ಸಪ್ಪಾ. ತುಳೀಬೇಡ. ಟರ್ಬೊ ಶಿಳ್ಳೆ ಏಳ್ದಂಗೆ ಓಡ್ಸು," ಎಂದ. ಅವನು ಆರುಮುಗಂನನ್ನು ಅಪ್ಪಾ ಎಂದು ಬೇಡಿಕೊಂಡದ್ದು ಅದೇ ಮೊದಲು.

ಅಲ್ಲಿಂದ ನಾಲ್ಕು ತಾಸು ಕದಿರಪ್ಪನಿಗೆ ಕೆಲಸವೇ ಇರಲಿಲ್ಲ. ಗೋಡೆಯ ಮೇಲೆ ಬರೆದ ಸಾವುಗಳಿಗೆಲ್ಲ ಮದ್ದು ಪೆಟ್ಟಿಗೆಯಲ್ಲಿ ಬೆಚ್ಚಗೆ ಕೂತಿತ್ತು. ಪೆಟ್ರೋಲು ಪಂಪು ಕೆಡಬಾರದೇ, ಕೊಳವೆ ಬಿರಿಯಬಾರದೇ, ನನ್ನ ಕೈಗೆ ಏನಾದರೂ ಸಿಗಬಾರದೇ ಎಂದು ಹಂಬಲಿಸಿದ. ಏನೂ ಕೆಡಲಿಲ್ಲ. ಕಾರು ಸುತ್ತುತ್ತಲೇ ಇತ್ತು. ಟರ್ಬೊದ ಶಿಳ್ಳೆ ಹತ್ತಿರ ಬಂದಾಗ ಉಸಿರು ಹಿಡಿಯುವನು, ದೂರ ಹೋದಾಗ ಕಿವಿ ನಿಮಿರಿಸುವನು. ಮುನಿಸ್ವಾಮಪ್ಪ ಬಾಗಿಲಿಗೆ ಮರಳಲೇ ಇಲ್ಲ. ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡು ಹಗ್ಗದ ಆಚೆಯೇ ಕುಕ್ಕರುಗಾಲಲ್ಲಿ ಕೂತ.

"ನಾನ್ಯಾಕೆ ತಡಕ್ದೆನೋ," ಎಂದ ಎಷ್ಟೋ ಹೊತ್ತಿನ ಮೇಲೆ. "ಇಲ್ಲಿ ತಡಕು ಅಂತ ನಂಗ್ಯಾರೂ ಹೇಳಿರ್ಲಿಲ್ಲ ಕಣ್ಲಾ."

ಕದಿರಪ್ಪ ಶಿಳ್ಳೆ ಬರುವ ದಿಕ್ಕಿಗೆ ತಿರುಗಿ ಕಿವಿಗೊಟ್ಟ.

ಮೂರಾಯಿತು, ನಾಲ್ಕಾಯಿತು. ಹಳೇ ಬೋಲ್ಟುಗಳು ಸೀಳಿದ ಒಂಬತ್ತನೇ ತಾಸು ಕಳೆಯಿತು, ಹತ್ತನೆಯದೂ ಕಳೆಯಿತು. ಐದು ಹೊಡೆದಾಗ ಕೋದಂಡಪ್ಪ ದೂರದಿಂದ ಹೆಬ್ಬೆರಳೆತ್ತಿ ತೋರಿಸಿದ. ಉಳಿದದ್ದು ಆರೇ ಕಾರು. ಲಾರಿಯ ಉಕ್ಕು, ಹೇಳಲಾಗದು, ತಡೆದರೂ ತಡೆದೀತು ಎಂದು ಮೊದಲ ಸಲ ಆಸೆಪಟ್ಟ ಕದಿರಪ್ಪ. ಆಸೆ ಬಂದ ಮೇಲೆ ನಿಲ್ಲಲಾಗಲಿಲ್ಲ, ಕೂತುಬಿಟ್ಟ. ದಿಬ್ಬದ ಮೇಲಿದ್ದ ಅಶ್ವತ್ಥಮ್ಮ ಇಳಿದು ಬಂದು ಹಗ್ಗದ ಹತ್ತಿರ ನಿಂತಿದ್ದಳು. ಅವಳ ಕಣ್ಣು ಮುನಿಸ್ವಾಮಪ್ಪನ ಅಂಗೈ ಮೇಲೆ ಬಿತ್ತು. ಅವಳಿಗೆ ಗುರುತು ಸಿಗದೇ ಇದ್ದೀತೇ? ತಾನೇ ಸುತ್ತಿದ ಎಣ್ಣೆಬಟ್ಟೆ. ಅವಳು ಗಂಡನ ಎದೆಯ ಕಡೆ ನೋಡಿದಳು.

ಐದೂ ಮುಕ್ಕಾಲಿಗೆ ಶಿಳ್ಳೆ ಬದಲಾಯಿತು. ಬೇರೆ ಯಾರಿಗೂ ಕೇಳಿಸಿರಲಾರದು. ಸಣ್ಣಗೆ ಉಬ್ಬಸದ ಹಾಗೆ ಶುರುವಾಗಿ, ಕೀರಲಾಗಿ, ಆಮೇಲೆ ಕಲ್ಲಿನ ಮೇಲೆ ಕುಡುಗೋಲು ಎಳೆದ ಸದ್ದು. ಬಯಲಿನ ಆಚೆ ತುದಿಯಲ್ಲಿ ನೀಲಿ ಹೊಗೆ ಎದ್ದಿತು. ಆರುಮುಗಂ ಇಳಿದ, ಮುಚ್ಚಳ ಎತ್ತಿದ. ಹೊಗೆ ಅವನನ್ನು ಮುಚ್ಚಿತು. ಆ ಹೊಗೆಯಲ್ಲಿ ಕಣ್ಣಿಲ್ಲದೆ ಬೋಲ್ಟು ಬದಲಿಸಲು ಅವನಿಗೆ ಬರುತ್ತಿತ್ತು, ನಾಲ್ಕು ನಿಮಿಷ ಸಾಕಿತ್ತು. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು, ಬೋಲ್ಟಿರಲಿಲ್ಲ. ಮುಚ್ಚಳ ಇಳಿಸಿ, ಅದರ ಮೇಲೆ ಎರಡೂ ಕೈ ಊರಿದ.

ಆರಕ್ಕೆ ಬಾವುಟ ಬಿತ್ತು. ಐದು ಕಾರು ಗೆರೆ ದಾಟಿದವು. ಮದ್ರಾಸಿನ ಮನುಷ್ಯ ಎದ್ದು, ಕೋದಂಡಪ್ಪನ ಕೈ ಕುಲುಕಿ, ಕೊಡೆ ಊರಿಕೊಂಡು ಸ್ಟೇಷನ್ನಿನ ಕಡೆ ಹೊರಟ. ಕೋದಂಡಪ್ಪ ಬಂದು ಕದಿರಪ್ಪನ ಹೆಗಲ ಮೇಲೆ ಕೈ ಇಟ್ಟ. ಮುನಿಸ್ವಾಮಪ್ಪ ಈಗ ಹಗ್ಗ ದಾಟಿ ಬಂದು ಬೋಲ್ಟನ್ನು ಕದಿರಪ್ಪನ ಕೈಯಲ್ಲಿಟ್ಟು ಬೆರಳು ಮಡಚಿಸಿದ. ಈಗ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮನೆಯಲ್ಲಿ ಅಶ್ವತ್ಥಮ್ಮ ಅಂಗಿಯನ್ನು ದೀಪಕ್ಕೆ ಹಿಡಿದು, ದಾರದ ಎರಡು ತುದಿಗಳನ್ನು ಸವರಿದಳು.

"ಬಿದ್ದೋಗಿಲ್ಲ. ಯಾರೋ ಕಿತ್ತಿದಾರೆ. ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ ಕಣೆ," ಎಂದ ಕದಿರಪ್ಪ. "ಯಾರೂ ಕೇಳ್ಲಿಲ್ಲ. ನಾನೇ ಕೊಟ್ಟೆ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅವನು ಎದ್ದು ಹೋಗಿ ಅಪ್ಪ ಒರಗುತ್ತಿದ್ದ ಗೋಡೆಗೆ ಒರಗಿ ಕೂತಾಗ ಮಾತ್ರ, "ಅಲ್ಲಿ ಕೂತ್ಕೋಬೇಡ," ಎಂದಳು.

ಸೋಮವಾರ ಬೆಳಗ್ಗೆ ಗಣಿಯ ಸೈರನ್ನು ಕೂಗಿದಾಗ ಅವಳು ಬುತ್ತಿಯ ಜೊತೆ ಅದೇ ಅಂಗಿ ಕೊಟ್ಟಳು. ಎದೆಯ ಮೇಲೆ ಜೇಬಿರಲಿಲ್ಲ. ಹೊಲಿಗೆ ಬಿಚ್ಚಿ ಪೂರಾ ತೆಗೆದುಬಿಟ್ಟಿದ್ದಳು. ಅಂಗಿಯೆಲ್ಲ ಮಾಸಿದ್ದು, ಜೇಬಿದ್ದ ಜಾಗದ ಖಾಕಿ ಮಾತ್ರ ಹೊಸದರ ಹಾಗೆ ಕಡುವಾಗಿತ್ತು. ಅವನು ತೊಟ್ಟುಕೊಂಡು ಹೋಗಿ ಕೇಜಿನಲ್ಲಿ ಇಳಿದ.

ಪಾಳಿ ಬಿಟ್ಟಾಗ ಸಾಲಲ್ಲಿ ಬಂದು ಕೈ ಮೇಲೆತ್ತಿ ನಿಂತ. ವಾಚ್‌ಮನ್ನಿನ ಕೈ ರೂಢಿಯಂತೆ ಎದೆಗೆ ಬಂದು, ಚಪ್ಪಟೆ ಬಟ್ಟೆಯ ಮೇಲೆ ತಡವರಿಸಿತು.

"ಜೇಬೆಲ್ಲೋ?"

"ಇಲ್ಲ."

"ಹೋಗು."

ಕದಿರಪ್ಪ ಹೊರಗಿನ ಬಿಸಿಲಿಗೆ ನಡೆದ. ಹಿಂದೆ ಬರುತ್ತಿದ್ದ ಯಾರೋ ಗೊಳ್ಳೆಂದು ನಕ್ಕಾಗಲೇ ಅವನಿಗೆ ತಿಳಿದದ್ದು, ಬಾಗಿಲು ದಾಟಿ ಹತ್ತು ಹೆಜ್ಜೆ ಬಂದಿದ್ದರೂ ತನ್ನ ಕೈಗಳು ಇನ್ನೂ ಮೇಲೆಯೇ ಇವೆ ಎಂದು.